ಅಕ್ಕ ಬರುವ ಶನಿವಾರ

ಜನವರಿ 10, ಮಂಗಳವಾರ

ಐವತ್ತಮೂರನೇ ವಯಸ್ಸಿನಲ್ಲಿ ನನ್ನನ್ನು ಮತ್ತೆ ಒಂದನೇ ತರಗತಿಗೆ ಸೇರಿಸಿದ್ದಾರೆ. ಕಾರಣ ಒಂದು ಯಂತ್ರ. ನಮ್ಮ ಲ್ಯಾಬಿನ ಯಜಮಾನರು ಹಲ್ಲಿನ ಸೆಟ್ಟು ತಯಾರಿಸುವ ಯಂತ್ರವೊಂದನ್ನು ಜರ್ಮನಿಯಿಂದ ತರಿಸುತ್ತಿದ್ದಾರೆ. ಮೂವತ್ತು ವರ್ಷದಿಂದ ನಾನು ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ ಮೂರು ದಿನದಲ್ಲಿ ಮಾಡುವ ಕೆಲಸವನ್ನು ಅದು ಮಧ್ಯಾಹ್ನದ ಊಟದೊಳಗೆ ಮಾಡಿ ಬಿಸಾಕುತ್ತದಂತೆ. ಅದನ್ನು ಕಲಿಸಿಕೊಡಲು ಅಲ್ಲಿಂದಲೇ ಒಬ್ಬ ಎಂಜಿನಿಯರ್ ಬರುತ್ತಾನೆ. ಅವನಿಗೆ ಅವನ ಭಾಷೆ ಬಿಟ್ಟು ಬೇರೆ ಬಾರದು. ಅವನು ಬಂದು ಕಲಿಸಬೇಕಾದರೆ ನಾನು ಮೊದಲು ಅವನ ಭಾಷೆ ಕಲಿಯಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಯಜಮಾನರಿಗೆ ಹೇಳಿದೆ. ಅವರು ನಕ್ಕು ಹೋದರು. ಯಜಮಾನರಾದವರಿಗೆ ಗಾದೆಗಳು ಕೇಳಿಸುವುದಿಲ್ಲ.

ತರಗತಿ ಸೈಕಲ್ ಅಂಗಡಿಯ ಮಹಡಿಯಲ್ಲಿ, ಮಂಗಳವಾರ ಸಂಜೆ ಆರಕ್ಕೆ. ಕೆಳಗಿನಿಂದ ಟೈರಿನ ವಾಸನೆ, ಮೇಲೆ ಮೇಡಮ್ಮಿನ ಉತ್ಸಾಹ. ಯಾವುದರಿಂದ ಹೆಚ್ಚು ತಲೆನೋವು ಬರುತ್ತದೆ ಎಂದು ಇನ್ನೂ ತೀರ್ಮಾನವಾಗಿಲ್ಲ. ಮೂವತ್ತು ದಾಟದ ಹೆಣ್ಣು. ಯಾರು ಬಾಯಿ ತೆರೆದರೂ ಚಪ್ಪಾಳೆ ತಟ್ಟುತ್ತಾಳೆ. ಚಪ್ಪಾಳೆ ಮೇಡಂ ಎಂದು ಹೆಸರಿಟ್ಟಿದ್ದೇನೆ. ಜೊತೆಗೆ ಕಲಿಯುವವರು ಮೂವರು: ಅಲ್ಲಿನ ಆಸ್ಪತ್ರೆಗೆ ಹೋಗಬೇಕೆಂದಿರುವ ಒಬ್ಬ ನರ್ಸು, ಅಲ್ಲಿ ಬಸ್ಸು ಓಡಿಸಬೇಕೆಂದಿರುವ ಒಬ್ಬ ಡ್ರೈವರು, ಮತ್ತು ಏನೂ ಬೇಕೆಂದಿಲ್ಲದ ಒಬ್ಬ ಕಾಲೇಜು ಹುಡುಗಿ.

ಇವತ್ತಿನಿಂದ ಮೇಡಮ್ಮಿನದು ಹೊಸ ಕಟ್ಟಳೆ. ಪಾಠ ಶುರುವಾಗುವ ಮುಂಚೆ ಪ್ರತಿಯೊಬ್ಬರೂ ತಾವು ಯಾವುದನ್ನು ಎದುರು ನೋಡುತ್ತಿದ್ದೇವೆ ಎಂದು ಒಂದು ವಾಕ್ಯ ಹೇಳಬೇಕು. ಇಷ್ ಫ್ರೊಯೆ ಮಿಷ್. ಅಂದರೆ, ಇಂಥದ್ದು ಬರಲಿದೆ, ನನಗೆ ಈಗಲೇ ಖುಷಿ. ಆ ಜನ ಮಾತಿಗೊಮ್ಮೆ ಹೀಗೆ ಹೇಳುತ್ತಾರಂತೆ. ಭಾನುವಾರಕ್ಕೂ ಖುಷಿ, ಬರಲಿರುವ ಕಾಗದಕ್ಕೂ ಖುಷಿ, ಇನ್ನೂ ಕುಡಿಯದ ಕಾಫಿಗೂ ಖುಷಿ. ಬೇರೆ ಕೆಲಸವಿಲ್ಲದವರು.

ನರ್ಸು ತನ್ನ ಪ್ರಯಾಣಕ್ಕೆ ಖುಷಿ ಎಂದಳು. ಡ್ರೈವರು ಭಾನುವಾರಕ್ಕೆ ಎಂದ. ನನ್ನ ಸರದಿ ಬಂದಾಗ, ನಾನು ಏನನ್ನೂ ಎದುರು ನೋಡುತ್ತಿಲ್ಲ ಎನ್ನಬೇಕೆಂದಿದ್ದೆ. ಅದಕ್ಕೆ ಬೇಕಾದ ಪದ ಇನ್ನೂ ಪಾಠದಲ್ಲಿ ಬಂದಿರಲಿಲ್ಲ. ಹಲಗೆಯ ಮೇಲೆ ಇದ್ದದ್ದು ಎಂಟು ಹತ್ತು ಪದ. ಕೈಗೆ ಸಿಕ್ಕಿದ್ದನ್ನು ಜೋಡಿಸಿದೆ. ನನ್ನ ಅಕ್ಕ ಶನಿವಾರ ರೈಲಿನಲ್ಲಿ ಬರುತ್ತಾಳೆ, ನನಗೆ ಖುಷಿ.

ಚಪ್ಪಾಳೆಯೋ ಚಪ್ಪಾಳೆ. ಅಕ್ಕನಿಗೂ ತಂಗಿಗೂ ಅವರಲ್ಲಿ ಒಂದೇ ಪದ. ಅಷ್ಟು ಬಡ ಭಾಷೆ.

ಜನವರಿ 12, ಗುರುವಾರ

ಅಕ್ಕನ ಬಗ್ಗೆ ಬರೆಯಬಾರದು ಎಂದುಕೊಂಡಿದ್ದೆ. ಆದರೆ ನಾಲಿಗೆ ಜಾರಿ ಬಂದ ಮೇಲೆ ಅವಳು ಎರಡು ದಿನದಿಂದ ಮನೆಯಲ್ಲೇ ಓಡಾಡುತ್ತಿದ್ದಾಳೆ.

ನನಗಿಂತ ಎಂಟು ವರ್ಷ ದೊಡ್ಡವಳು. ರೈಲಿನಲ್ಲಿ ಮೂರು ಗಂಟೆಯ ದಾರಿ. ನಾವು ಮಾತು ಬಿಟ್ಟು ಹನ್ನೊಂದು ವರ್ಷ. ವಸಡಿನ ಕಾಯಿಲೆಯಿಂದ ಐವತ್ತಕ್ಕೇ ಅವಳ ಹಲ್ಲೆಲ್ಲ ಹೋಯಿತು. ಮಗಳ ಮದುವೆಗೆ ಬಾಯಿ ತುಂಬಾ ಹಲ್ಲಿರಲಿ ಎಂದು ನಾನೇ ಸೆಟ್ಟು ಮಾಡಿಕೊಟ್ಟೆ. ಅವಳೇನು ಮಾಡಿದಳು? ಊಟದ ಮಧ್ಯೆ, ಬೀಗರೆಲ್ಲ ಸುತ್ತ ಕೂತಿರುವಾಗ, ಅದನ್ನು ಬಾಯಿಂದ ಕಿತ್ತು ಕರವಸ್ತ್ರದಲ್ಲಿ ಸುತ್ತಿ ತಟ್ಟೆಯ ಪಕ್ಕ ಇಟ್ಟಳು. "ನಮ್ಮ ತಂಗಿ ಮಾಡಿದ್ದು. ನಾಯಿ ಸಾಕಿದ ಹಾಗೆ, ಒಳಗಿಂದಾನೇ ಕಚ್ಚತ್ತೆ," ಎಂದಳು. ಎಲ್ಲರೂ ನಕ್ಕರು. ಮದುಮಗ ಕೂಡ ನಕ್ಕ. ನಾನು ಫೋಟೋಗೆ ನಿಲ್ಲದೆ ಹೊರಟು ಬಂದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸೆಟ್ಟು ಸರಿಯಾಗಿಯೇ ಇತ್ತು.

ಜನವರಿ 17, ಮಂಗಳವಾರ

ನಾನು ಕುರ್ಚಿ ಎಳೆಯುವ ಮೊದಲೇ ನರ್ಸು ಕೇಳಿದಳು, ಅಕ್ಕ ಬಂದಳೇ ಎಂದು. ಅದೂ ಜರ್ಮನ್‌ನಲ್ಲಿ. ಮನೆಯಲ್ಲಿ ವಾಕ್ಯ ಮಾಡಿಕೊಂಡೇ ಬಂದಿದ್ದಳು, ಬಡಪಾಯಿ. ಜಗಳ ಎನ್ನಲು ನನಗೆ ಪದ ಗೊತ್ತಿಲ್ಲ. ಕಾಯಿಲೆ ಎನ್ನಲೂ ಗೊತ್ತಿಲ್ಲ. ಗೊತ್ತಿದ್ದದ್ದು "ಇಲ್ಲ" ಮತ್ತು "ಮುಂದಿನ ಶನಿವಾರ". ಅಷ್ಟನ್ನೇ ಹೇಳಿದೆ. ಮೇಡಂ ಅದಕ್ಕೂ ಚಪ್ಪಾಳೆ ತಟ್ಟಿದಳು. ಈ ಹೆಣ್ಣಿನ ಅಂಗೈಯನ್ನು ಯಾರಾದರೂ ಡಾಕ್ಟರಿಗೆ ತೋರಿಸಬೇಕು.

ಹೊಸ ಭಾಷೆಯಲ್ಲಿ ಸುಳ್ಳು ಹೇಳುವುದು ಬಹಳ ಸುಲಭ. ನಿಜ ಹೇಳುವುದಕ್ಕೆ ಮೂರನೇ ಪುಸ್ತಕದವರೆಗೆ ಕಾಯಬೇಕು.

ಜನವರಿ 31, ಮಂಗಳವಾರ

ಹುಚ್ಚರ ಸಂತೆ. ಇವತ್ತು ಪಾಠಕ್ಕೆ ನನ್ನ ಅಕ್ಕನನ್ನೇ ಆರಿಸಿಕೊಂಡರು. ಅತಿಥಿ ಬಂದಾಗ ಏನೇನು ಮಾಡಬೇಕು ಎಂದು ಎಲ್ಲರೂ ಸೇರಿ ಯೋಜನೆ ಹಾಕುವ ಅಭ್ಯಾಸವಂತೆ. ಮೇಡಂ ಹಲಗೆಯ ಮೇಲೆ ಎರಡು ಗೆರೆ ಎಳೆದು ಶನಿವಾರ, ಭಾನುವಾರ ಎಂದು ಬರೆದಳು. ಡ್ರೈವರು ತಾನು ಸ್ಟೇಷನ್ನಿನಿಂದ ಬಸ್ಸಿನಲ್ಲಿ ಕರೆತರುತ್ತೇನೆ ಎಂದ. ನರ್ಸು ತೋಟಕ್ಕೆ ಹೋಗೋಣ, ಬಾದಾಮಿ ಕೇಕು ತಿನ್ನೋಣ ಎಂದಳು. ಕಾಲೇಜು ಹುಡುಗಿ ಮೊದಲ ಸಲ ಫೋನಿನಿಂದ ತಲೆ ಎತ್ತಿ, ಅಕ್ಕನಿಗೆ ಸಿನಿಮಾ ಇಷ್ಟವೇ ಎಂದು ಕೇಳಿದಳು.

ಕಂಡರಿಯದ ಒಬ್ಬ ಹೆಂಗಸಿಗಾಗಿ ನಾಲ್ಕು ಜನ ಒಂದು ಗಂಟೆ ಬೆವರು ಸುರಿಸಿದರು. ಇಷ್ಟು ದಡ್ಡತನವನ್ನು ಒಂದೇ ಕೋಣೆಯಲ್ಲಿ ನಾನು ಹಿಂದೆಂದೂ ನೋಡಿರಲಿಲ್ಲ. ನಾನು ಮಧ್ಯೆ ಬಾಯಿ ಹಾಕಿದ್ದು ಒಂದೇ ಸಲ, ಅದೂ ನಮ್ಮ ಭಾಷೆಯಲ್ಲೇ. ಬಾದಾಮಿ ಬೇಡ, ಅವಳಿಗೆ ಹಲ್ಲಿಗೆ ಆಗುವುದಿಲ್ಲ, ಮೆತ್ತಗಿನ ಕೇಕು ಇರಲಿ, ಅದರಲ್ಲಿ ನಿಂಬೆ ಇದ್ದರೆ ಅವಳಿಗೆ ಇಷ್ಟ ಎಂದೆ. ಮೇಡಂ ಬಾದಾಮಿ ಅಳಿಸಿ ನಿಂಬೆ ಎಂದು ಬರೆದಳು.

ಇನ್ನೊಂದು ಮಾತು ಕಲಿತೆ. ಇಷ್ ಬಿನ್ ಗೆಶ್‌ಪಾಂಟ್. ಮುಂದೇನಾಗುತ್ತದೋ ಎಂಬ ಕುತೂಹಲಕ್ಕೆ ಹೀಗೆನ್ನುತ್ತಾರೆ. ಬಿಡಿಸಿ ನೋಡಿದರೆ, ಹಗ್ಗದ ಹಾಗೆ ಎಳೆದು ಕಟ್ಟಿಸಿಕೊಂಡಿದ್ದೇನೆ ಎಂದು ಅರ್ಥವಂತೆ. ಅದನ್ನು ನಗುನಗುತ್ತಾ ಹೇಳುತ್ತಾರಂತೆ.

ಫೆಬ್ರವರಿ 9, ಗುರುವಾರ

ಒಬ್ಬ ಹಲ್ಲಿನ ಡಾಕ್ಟರು ಇವತ್ತು ಮೇಣದ ಟ್ರಯಲ್ ಇಲ್ಲದೆಯೇ ಸೆಟ್ಟು ಮುಗಿಸಿಕೊಡಿ, ರೋಗಿಗೆ ಅವಸರ ಎಂದು ಫೋನ್ ಮಾಡಿದರು. ನಾನು ಆಗುವುದಿಲ್ಲ ಎಂದೆ. ಹಲ್ಲನ್ನು ಮೊದಲು ಮೇಣದಲ್ಲಿ ಕೂರಿಸಿ, ಅದನ್ನು ರೋಗಿಯ ಬಾಯಲ್ಲಿಟ್ಟು, ಕಚ್ಚಿಸಿ, ಮಾತಾಡಿಸಿ ನೋಡಬೇಕು. ಮೇಣದಲ್ಲಿರುವ ತನಕ ಎಲ್ಲವನ್ನೂ ತಿದ್ದಬಹುದು. ಗಟ್ಟಿಯಾದ ಮೇಲೆ ದೇವರು ಬಂದರೂ ತಿದ್ದಲಾಗದು. ಡಾಕ್ಟರ ಓದು ಓದಿದವರಿಗೆ ಇದನ್ನು ನಾನು ಹೇಳಿಕೊಡಬೇಕು.

ನನ್ನ ಮೇಜಿನಿಂದ ಟ್ರಯಲ್ ಆಗದ ಸೆಟ್ಟು ಒಂದೂ ಹೊರಗೆ ಹೋಗಿಲ್ಲ ಎಂದು ಅವರಿಗೆ ಹೇಳಿದೆ. ಫೋನಿಟ್ಟ ಮೇಲೆ ಸ್ವಲ್ಪ ಹೊತ್ತು ಕೆಲಸ ಸಾಗಲಿಲ್ಲ.

ಫೆಬ್ರವರಿ 14, ಮಂಗಳವಾರ

ಫೋರ್‌ಫ್ರೊಯ್ಡೆ. ಮುಂಚಿತವಾಗಿ ಪಡುವ ಸಂತೋಷಕ್ಕೆ ಅವರಲ್ಲಿ ಬೇರೆಯೇ ಒಂದು ಪದವಿದೆ. ಸಂತೋಷಗಳಲ್ಲೆಲ್ಲ ಅದೇ ಚಂದ ಎಂದೂ ಒಂದು ಗಾದೆ ಇದೆಯಂತೆ. ಮೇಡಂ ಅದನ್ನು ಹೇಳುವಾಗ ಕಣ್ಣು ಮುಚ್ಚಿಕೊಂಡಿದ್ದಳು. ನಮ್ಮಲ್ಲಿ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎನ್ನುತ್ತೇವೆ ಎಂದು ನಾನು ಹೇಳಿದೆ. ಡ್ರೈವರು ಬಿದ್ದು ಬಿದ್ದು ನಕ್ಕ. ಮೇಡಂ ಮಾತ್ರ ಗಂಭೀರವಾಗಿ, ಕುಲಾವಿ ಹೊಲಿಯುವಾಗ ಹೊಲಿಯುವವಳಿಗೆ ಹೇಗನ್ನಿಸುತ್ತದೆ ಎಂದು ಕೇಳಿದಳು. ಪ್ರಶ್ನೆ ನೋಡು.

ಹೇಗನ್ನಿಸುತ್ತದೆ ಎಂದು ನನಗೆ ಗೊತ್ತಿದೆ. ಯಾರೂ ಓದದ ಪುಸ್ತಕದಲ್ಲಿ ಬರೆದರೆ ಏನು ಕಡಿಮೆಯಾಗುತ್ತದೆ, ಬರೆದೇಬಿಡುತ್ತೇನೆ. ಅಕ್ಕನ ಸೆಟ್ಟಿಗೆ ನಾನು ಟ್ರಯಲ್ ಮಾಡಲಿಲ್ಲ. ಹಳೆಯ ಅಳತೆಯ ಅಚ್ಚು ನನ್ನ ಹತ್ತಿರ ಇತ್ತು. ಟ್ರಯಲ್‌ಗೆ ಕರೆದರೆ ಅವಳಿಗೆ ಗೊತ್ತಾಗಿಬಿಡುತ್ತದೆ. ಮದುವೆಯ ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಅವಳ ಮುಖ ಹೇಗಾಗುತ್ತದೆ ಎಂದು ನೋಡುವ ಆಸೆ ನನಗೆ. ಒಂದು ತಿಂಗಳು ಅದೇ ಗುಂಗಿನಲ್ಲಿದ್ದೆ. ಪಾಲಿಶ್ ಮಾಡುವಾಗ ಹಾಡಿಕೊಳ್ಳುತ್ತಿದ್ದೆ, ಲ್ಯಾಬಿನಲ್ಲಿ ಎಲ್ಲರೂ ತಿರುಗಿ ನೋಡುತ್ತಿದ್ದರು. ಹಲ್ಲು ಹೋದ ಮೇಲೆ ವಸಡು ಇಳಿಯುತ್ತದೆ, ಹಳೆಯ ಅಳತೆ ಸುಳ್ಳಾಗುತ್ತದೆ. ಮೊದಲ ವರ್ಷ ಕೆಲಸ ಕಲಿಯುವವರಿಗೂ ಗೊತ್ತಿರುವ ವಿಷಯ. ಅದು ಅವಳನ್ನು ಕಚ್ಚಿದ್ದು ನಿಜ.

ಅಂದಿನಿಂದ ನಾನು ಯಾವುದನ್ನೂ ಎದುರು ನೋಡುವುದಿಲ್ಲ. ಆರೋಗ್ಯಕ್ಕೆ ಒಳ್ಳೆಯದು.

ಫೆಬ್ರವರಿ 21, ಮಂಗಳವಾರ

ಬೆಳಿಗ್ಗೆ ಯಜಮಾನರು ಬಂದು, ಎಂಜಿನಿಯರ್ ಬರುವುದಿಲ್ಲ, ಕಲಿಸುವ ವಿಡಿಯೋ ಕಳಿಸಿದ್ದಾರೆ, ಅದರ ಕೆಳಗೆ ನಮ್ಮ ಭಾಷೆಯಲ್ಲೇ ಬರೆದಿದ್ದಾರೆ, ಇನ್ನು ಆ ಕ್ಲಾಸಿಗೆ ಹೋಗಬೇಕಾಗಿಲ್ಲ ಎಂದರು. ನಾನು ಬದುಕಿದೆ ಎಂದೆ. ಸಂಜೆ ಐದೂವರೆಗೆ ಏಪ್ರನ್ ಬಿಚ್ಚಿ ಕ್ಲಾಸಿಗೆ ಹೋದೆ. ನೋಟ್‌ಬುಕ್ಕಿನಲ್ಲಿ ಇನ್ನೂ ಮುಕ್ಕಾಲು ಭಾಗ ಹಾಳೆ ಉಳಿದಿದೆ, ವ್ಯರ್ಥ ಮಾಡುವುದು ನನಗೆ ಆಗದು. ಅಷ್ಟಕ್ಕೇ.

ಪಾಠ ಮುಗಿದ ಮೇಲೆ ಡ್ರೈವರು ಮೆಟ್ಟಿಲ ಮೇಲೆ ನನ್ನನ್ನು ತಡೆದ. ದೊಡ್ಡ ಆಳು, ಮೆಟ್ಟಿಲು ಪೂರ್ತಿ ತುಂಬಿಕೊಳ್ಳುತ್ತಾನೆ.

"ಅಮ್ಮಾ, ತಪ್ಪು ತಿಳ್ಕೋಬೇಡಿ. ಆರು ಶನಿವಾರ ಆಯ್ತು. ನಿಮ್ಮಕ್ಕ ನಿಜವಾಗ್ಲೂ ಇದಾರಾ?"

ಇದ್ದಾಳೆ, ಮಾತಿಲ್ಲ, ಹನ್ನೊಂದು ವರ್ಷವಾಯಿತು ಎಂದೆ. ಏಕೆ ಹೇಳಿದೆನೋ. ಅವನು ಸಮಾಧಾನ ಹೇಳಿದ್ದರೆ ಅಲ್ಲೇ ತಳ್ಳಿಬಿಡುತ್ತಿದ್ದೆ. ಹೇಳಲಿಲ್ಲ. ಅವರ ನಂಬರ್ ಇದೆಯಾ ಎಂದು ಕೇಳಿದ. ನಾನು ನಂಬರ್ ಹೇಳಿದೆ.

"ಫೋನ್ ತೆಗೀದೇನೇ ಹೇಳಿದ್ರಲ್ಲ," ಎಂದ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಬಸ್ಸು ಓಡಿಸುವವನಿಗೆ ಊರವರ ಉಸಾಬರಿ ಯಾಕೆ ಬೇಕು? ಮುಂದೆ ರಸ್ತೆ ನೋಡಿಕೊಂಡಿದ್ದರೆ ಸಾಲದೇ?

ಫೆಬ್ರವರಿ 26, ಭಾನುವಾರ

ಮಾಡಿದೆ. ನಾಲ್ಕನೇ ರಿಂಗಿಗೆ ತೆಗೆದಳು. ಹಲೋ ಎಂದ ದನಿ ಅವಳದೇ, ಸ್ವಲ್ಪ ಒಣಗಿದೆ. ನಾನು ಯಾರೆಂದು ಹೇಳಲಿಲ್ಲ, ಅವಳು ಕೇಳಲಿಲ್ಲ. ಏನೇನೋ ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ.

"ತಪ್ಪು ನಂದೇ ಅಕ್ಕ. ಟ್ರಯಲ್ ಮಾಡ್ಲಿಲ್ಲ. ಹಳೇ ಅಳತೇಲಿ ಮಾಡ್ಬಿಟ್ಟೆ."

"ಹನ್ನೊಂದು ವರ್ಷ ಬೇಕಾಯ್ತಾ ಇದನ್ನ ಹೇಳೋಕೆ," ಎಂದಳು. ಫೋನ್ ಇಟ್ಟಳು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ. ಅವಳದು ನ್ಯಾಯವೇ. ನನಗೆ ತುಂಬಾ ಸಂಕಟವಾಗಿದೆ.

ಫೆಬ್ರವರಿ 28, ಮಂಗಳವಾರ

ಭಾನುವಾರಕ್ಕೆ ಖುಷಿ ಎಂದೆ, ಡ್ರೈವರನ ಹಾಗೆ. ಮೇಡಂ ಚಪ್ಪಾಳೆ ತಟ್ಟಲಿಲ್ಲ. ಅಕ್ಕನನ್ನು ಯಾರೂ ಕೇಳಲಿಲ್ಲ. ಆ ಗಮಾರನೇ ಎಲ್ಲರಿಗೂ ಬಾಯಿ ಮುಚ್ಚಿರಲು ಹೇಳಿರಬೇಕು.

ಮಾರ್ಚ್ 1, ಬುಧವಾರ

ಯಂತ್ರ ಬಂತು. ಬೀರುವಿನಷ್ಟು ದೊಡ್ಡದು. ಹೊಟ್ಟೆ ತುಂಬಿದ ಎಮ್ಮೆಯಂತೆ ಗುಂಯ್ ಎನ್ನುತ್ತದೆ.

ಮಾರ್ಚ್ 5, ಭಾನುವಾರ

ಬೆಳಿಗ್ಗೆ ಒಂಬತ್ತಕ್ಕೆ ಫೋನು. ಅಕ್ಕನ ನಂಬರ್ ನೋಡಿ ಕೈಯಲ್ಲಿದ್ದ ಲೋಟ ಸಿಂಕಿಗೆ ಬಿತ್ತು. ಒಡೆಯಲಿಲ್ಲ, ಸ್ಟೀಲಿನದು.

ಕುಶಲ ಗಿಶಲ ಏನಿಲ್ಲ. ನೇರ ವಿಷಯಕ್ಕೆ ಬಂದಳು, ಅವಳ ಜಾಯಮಾನವೇ ಅದು. ಒಂದು ವಾರದಿಂದ ನಿದ್ದೆ ಬಂದಿಲ್ಲ ಎಂದಳು.

"ಕಚ್ಚಿದ್ದು ನಿಜ. ಆದ್ರೆ ರೂಮಿಗೆ ಹೋಗಿ ತೆಗೀಬಹುದಿತ್ತು. ಬೀಗರನ್ನ ನಗಿಸೋಣ ಅಂತ ನಿನ್ನ ಮಾನ ತೆಗೆದೆ."

ನಾನು ಪರವಾಗಿಲ್ಲ ಎಂದೆ. ಪರವಾಗಿಲ್ಲ ಅಂತ ಹೇಳಬೇಡ, ನನಗೆ ಗೊತ್ತಿದೆ ಎಂದು ಗದರಿದಳು. ಆಮೇಲೆ ಆಫೀಸಿನ ನೋಟಿಸು ಓದಿದ ಹಾಗೆ ಹೇಳಿದಳು: ಹದಿನೆಂಟನೇ ತಾರೀಖು ಶನಿವಾರ ಬರುತ್ತಾಳೆ, ಮಧ್ಯಾಹ್ನ ಮೂರರ ರೈಲು, ಎರಡು ದಿನ ಇರುತ್ತಾಳೆ. ಸ್ಟೇಷನ್ನಿಗೆ ಯಾರೂ ಬರಬೇಕಾಗಿಲ್ಲ, ವಿಳಾಸ ಇದೆ, ಸುಮ್ಮನೆ ಗಲಾಟೆ ಬೇಡ.

ಸರಿ ಎಂದೆ. ಬಂದರೆ ಬರಲಿ. ಮನೆಯಲ್ಲಿ ಇನ್ನೊಂದು ಮಂಚ ಇದ್ದೇ ಇದೆ.

ಮಾರ್ಚ್ 7, ಮಂಗಳವಾರ

ಇವತ್ತು ನನಗೆ ಏನಾಯಿತೋ. ನನ್ನ ಅಕ್ಕ ಶನಿವಾರ ರೈಲಿನಲ್ಲಿ ಬರುತ್ತಾಳೆ ಎಂಬ ವಾಕ್ಯವನ್ನು ಆರು ವಾರ ನೀರು ಕುಡಿದ ಹಾಗೆ ಹೇಳಿದ್ದೇನೆ. ಇವತ್ತು ಸರದಿ ಬಂದಾಗ ಎದ್ದು ನಿಂತೆ, ಇಷ್ ಎಂದೆ, ಕೆಮ್ಮಿದೆ, ಮತ್ತೆ ಇಷ್ ಎಂದೆ. ಮೇಡಂ ಮೆಲ್ಲಗೆ ಫ್ರೊಯೆ ಎಂದು ಎತ್ತಿಕೊಟ್ಟಳು. ಆಗಲಿಲ್ಲ. ಟೈರಿನ ವಾಸನೆಗೆ ಇರಬೇಕು. ಭಾನುವಾರ ಎಂದು ಹೇಳಿ ಕೂತೆ.

ಡ್ರೈವರು ನನ್ನನ್ನೇ ನೋಡುತ್ತಿದ್ದ. ಮೆಟ್ಟಿಲಿಳಿಯುವಾಗ, ಎಷ್ಟು ಗಂಟೆ ರೈಲು ಎಂದು ಮಾತ್ರ ಕೇಳಿದ. ಮೂರು ಎಂದೆ. ತಲೆಯಾಡಿಸಿದ. ಅವನು ಅಷ್ಟೇನೂ ದಡ್ಡನಲ್ಲ.

ಮಾರ್ಚ್ 15, ಬುಧವಾರ

ಸಾಮಾನ್ಯ ದಿನ, ಬರೆಯುವಂಥದ್ದು ಏನೂ ಇಲ್ಲ. ಎರಡನೇ ಮಂಚದ ಹಾಸಿಗೆ ಬಿಸಿಲಿಗೆ ಹಾಕಿದೆ, ಹೇಗೂ ಹಾಕಬೇಕಿತ್ತು. ಪರದೆ ಒಗೆದೆ. ಕಿಟಕಿಯ ಸರಳುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ. ಅಕ್ಕನಿಗೆ ಧೂಳಾದರೆ ಸೀನು. ಬೇಕರಿಯಲ್ಲಿ ನಿಂಬೆ ಕೇಕು ಶುಕ್ರವಾರ ಮಾತ್ರ ಮಾಡುತ್ತಾರಂತೆ. ಶನಿವಾರಕ್ಕೆ ಅದು ಹಳತಾಗುತ್ತದೆ ಎಂದು ಬೇಕರಿಯವಳೊಂದಿಗೆ ಜಗಳವಾಡಿ, ಶನಿವಾರ ಬೆಳಿಗ್ಗೆ ಒಂದು ಮಾಡಿಕೊಡುವಂತೆ ಒಪ್ಪಿಸಿದೆ. ಯಾರೋ ವಿಶೇಷದವರು ಬರುತ್ತಾರಾ ಎಂದು ಹಲ್ಲು ಕಿರಿದಳು. ಇಲ್ಲ, ನಮ್ಮಕ್ಕ ಎಂದೆ.

ಲ್ಯಾಬಿನಲ್ಲಿ ಕೆಲಸ ಮಾಡುವಾಗ ಹಾಡಬೇಡಿ, ಯಂತ್ರದ ಶಬ್ದವೇ ಸಾಕಾಗಿದೆ ಎಂದು ಯಜಮಾನರು ಹೇಳಿದರು. ನಾನೆಲ್ಲಿ ಹಾಡಿದೆ? ಅವರ ಕಿವಿಯೂ ಹೋಗಿದೆ.

ಮಾರ್ಚ್ 17, ಶುಕ್ರವಾರ

ಗಡಿಯಾರದ ಬ್ಯಾಟರಿ ಬದಲಿಸಿದೆ. ಮುಳ್ಳು ತೆವಳುತ್ತಿದೆ ಎನ್ನಿಸಿತ್ತು. ಬದಲಿಸಿದ ಮೇಲೂ ತೆವಳುತ್ತಿದೆ.

ಮಾರ್ಚ್ 18, ಶನಿವಾರ

ಮೂರರ ರೈಲಿಗೆ ಹನ್ನೆರಡೂವರೆಗೇ ಮನೆ ಬಿಟ್ಟೆ. ಶನಿವಾರ ಬಸ್ಸುಗಳನ್ನು ನಂಬುವಂತಿಲ್ಲ. ಬರಬೇಡ ಎಂದಿದ್ದಳು ನಿಜ, ಆದರೆ ಅರವತ್ತೊಂದರ ಹೆಂಗಸು ಚೀಲ ಹೊತ್ತು ಬೀದಿ ಬೀದಿ ಅಲೆದರೆ ನೋಡಿದವರು ನನ್ನನ್ನೇ ಬೈಯುತ್ತಾರೆ. ಬಸ್ಸು ತಕ್ಷಣ ಸಿಕ್ಕಿತು. ಒಂದು ಗಂಟೆಗೇ ಸ್ಟೇಷನ್ನಿನಲ್ಲಿದ್ದೆ. ಎರಡು ಗಂಟೆ ಏನು ಮಾಡುವುದು ಎಂದು ಬೈದುಕೊಳ್ಳುತ್ತಾ ಎರಡನೇ ಪ್ಲಾಟ್‌ಫಾರ್ಮಿಗೆ ಇಳಿದೆ.

ನೀರಿನ ನಲ್ಲಿಯ ಪಕ್ಕದ ಬೆಂಚಿನಲ್ಲಿ ಬಿಳಿ ಕೂದಲಿನ ಮುದುಕಿಯೊಬ್ಬಳು ಕಾಲ ಬಳಿ ಚೀಲ ಇಟ್ಟುಕೊಂಡು ಬಿಸ್ಕತ್ತು ತಿನ್ನುತ್ತಿದ್ದಳು. ಕೆಲಸದ ಚಾಳಿ, ನಾನು ಮೊದಲು ನೋಡಿದ್ದು ಬಾಯಿ. ಮುಂದಿನ ಹಲ್ಲು ಎರಡು ಮಿಲಿಮೀಟರ್ ಉದ್ದ, ಎಡದ ಸಾಲು ಕೂತಿಲ್ಲ, ಪಾಪ, ಅಗಿಯುವುದಕ್ಕಿಂತ ಚೀಪುವುದೇ ಹೆಚ್ಚು. ಯಾವ ಕಟುಕ ಮಾಡಿದ್ದೋ ಎಂದುಕೊಂಡೆ. ಆಮೇಲೆ ಮುಖ ನೋಡಿದೆ. ಅಕ್ಕ.

ಅವಳೂ ನೋಡಿದಳು. ಬಿಸ್ಕತ್ತನ್ನು ಕಳ್ಳಿಯ ಹಾಗೆ ಚೀಲದೊಳಗೆ ತುರುಕಿದಳು.

"ಮೂರು ಗಂಟೆ ಅಂದಿದ್ಯಲ್ಲ," ಎಂದೆ.

"ಬೆಳಗಿನ ರೈಲಿಗೆ ಸೀಟು ಸಿಕ್ತು."

ಬೆಳಗಿನ ರೈಲು ಬರುವುದು ಹತ್ತಕ್ಕೆ. ಹತ್ತರಿಂದ ಇಲ್ಲೇ ಕೂತಿದ್ದೀಯಾ, ಮನೆಗೆ ಬರುವುದಕ್ಕೇನಾಗಿತ್ತು ಎಂದು ಕೇಳಿದೆ. ಅವಳು ಹಳಿಯ ಕಡೆ ನೋಡಿದಳು.

"ಮೂರಕ್ಕೆ ಅಂತ ಹೇಳಿದ್ದೆನಲ್ಲ. ಬೆಳಿಗ್ಗೇನೇ ಓಡಿ ಬಂದ್ರೆ ನೀನು ಏನು ತಿಳ್ಕೋತೀಯೋ ಅಂತ." ಆಮೇಲೆ ನನ್ನ ಕಡೆ ತಿರುಗಿದಳು. "ನಿಂಗೆ ಬರಬೇಡ ಅಂದಿದ್ದೆ. ಎರಡು ಗಂಟೆ ಮುಂಚೆ ಬಂದು ನಿಂತಿದೀಯ, ಯಾಕೆ?"

"ಬಸ್ಸು ಬೇಗ ಸಿಕ್ತು."

"ಓಹೋ," ಎಂದಳು.

ಅವಳು ಸರಿದು ಜಾಗ ಮಾಡಿದಳು. ನಾನು ಕೂತೆ. ಈಗ ಎದ್ದು ಹೊರಟರೆ ಇಬ್ಬರ ಬಂಡವಾಳವೂ ಬಯಲಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಹಾಗಾಗಿ ಕೂತೇ ಇದ್ದೆವು. ಮಗಳಿಗೆ ಇಬ್ಬರು ಮಕ್ಕಳು ಎಂದಳು. ಲ್ಯಾಬಿಗೆ ಯಂತ್ರ ಬಂದಿದೆ ಎಂದೆ. ನಿನಗಿಂತ ಚೆನ್ನಾಗಿ ಮಾಡುತ್ತದಾ ಎಂದು ಕೇಳಿದಳು, ನಾನು ನಕ್ಕೆ. ಅರ್ಧ ಬಿಸ್ಕತ್ತು ಹೊರಗೆ ತೆಗೆದು ಕೊಟ್ಟಳು, ಅರ್ಧ ತಾನು ಇಟ್ಟುಕೊಂಡಳು. ಅವಳ ಕೈ ಬಹಳ ಸಣ್ಣಗಾಗಿದೆ. ಅದನ್ನು ನೋಡಿ ನನಗೆ ಅಳು ಬಂತು, ಪ್ಲಾಟ್‌ಫಾರ್ಮಿನಲ್ಲಿ ಧೂಳು ಜಾಸ್ತಿ ಎಂದೆ.

ಮೂರರ ರೈಲು ಇಪ್ಪತ್ತು ನಿಮಿಷ ತಡವಾಗಿ ಬಂತು. ಜನ ಇಳಿದರು, ಒಬ್ಬರನ್ನೊಬ್ಬರು ಕೂಗಿ ಕರೆದರು, ಸಾಮಾನು ಹೊತ್ತು ಹೋದರು. ರೈಲು ಹೊರಟಿತು. ಪ್ಲಾಟ್‌ಫಾರ್ಮು ಖಾಲಿಯಾಯಿತು.

ಆಗ ಅಕ್ಕ ಎದ್ದಳು. ಮಡಿಲ ಮೇಲಿನ ಬಿಸ್ಕತ್ತಿನ ಪುಡಿ ಕೊಡವಿದಳು, ಚೀಲ ಕೈಗೆತ್ತಿಕೊಂಡಳು, ನಾಲ್ಕು ಹೆಜ್ಜೆ ಹಳಿಯ ಕಡೆಗೆ ಹೋಗಿ ಅಲ್ಲಿಂದ ತಿರುಗಿ ನನ್ನ ಹತ್ತಿರ ನಡೆದು ಬಂದಳು.

"ಬಂದೆ ಕಣೇ," ಎಂದಳು.

"ಬಾ ಅಕ್ಕ," ಎಂದೆ. "ರೈಲು ತುಂಬಾ ತಡ ಆಯ್ತಲ್ಲ."